ಒಂದು ದಿನ ಬಿಟ್ಟು ಒಂದು ದಿನ ಬರುವ ನದಿ

ನದಿ ದಿನಾ ಹರಿಯುತ್ತದೆ ಅನ್ನುವುದು ನನಗೆ ಎಂಟನೇ ಕ್ಲಾಸಿನವರೆಗೂ ಗೊತ್ತಿರಲಿಲ್ಲ. ನಗಬೇಡಿ. ಗೊತ್ತಾಗುವುದಾದರೂ ಹೇಗೆ? ಎಂಬತ್ತರ ದಶಕದ ಮಾತು ಇದು. ನಮ್ಮ ಮನೆ ಇದ್ದದ್ದು ಕಾಮಾಕ್ಷಿಪಾಳ್ಯದಲ್ಲಿ. ಬೀದಿಗೆ ನೀರು ಬರುತ್ತಿದ್ದದ್ದು ಒಂದು ದಿನ ಬಿಟ್ಟು ಒಂದು ದಿನ. ನಲ್ಲಿಯ ನೀರು ನದಿಯಿಂದ ಬರುತ್ತದೆ ಎಂದು ಪಾಠದಲ್ಲಿ ಓದಿದ್ದೆ. ಹಾಗಾದರೆ ನದಿಯೂ ಒಂದು ದಿನ ಬಿಟ್ಟು ಒಂದು ದಿನವೇ ಬರುತ್ತಿರಬೇಕು, ಯಾರೋ ಒಬ್ಬರು ಅದನ್ನು ಬಿಡುತ್ತಿರಬೇಕು ಎಂದುಕೊಂಡಿದ್ದೆ. ಇದರಲ್ಲಿ ನನ್ನ ತಪ್ಪೇನಿದೆ?

ನಾನು ಕಣ್ಣಾರೆ ಕಂಡಿದ್ದ ನದಿ ಒಂದೇ ಒಂದು. ಅದೂ ನದಿ ಎಂದು ತಿಳಿಯದೆ ಕಂಡದ್ದು. ಕೆಂಗೇರಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗುವಾಗ ಬಸ್ಸಿನ ಪಕ್ಕದಲ್ಲೇ ಕರ್ರಗೆ, ನೊರೆ ನೊರೆಯಾಗಿ ಏನೋ ಹರಿಯುತ್ತಿತ್ತು. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಅದೇನು ಎಂದು ಅಪ್ಪನನ್ನು ಕೇಳಿದೆ. "ಮೋರಿ ಕಣೇ, ಈ ಕಡೆ ತಿರುಗು" ಎಂದರು. ಅದಕ್ಕೆ ವೃಷಭಾವತಿ ಎಂಬ ಚಂದದ ಹೆಸರಿದೆ, ಅದು ಹುಟ್ಟಾ ನದಿಯೇ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನದಿಯನ್ನು ಮೋರಿ ಮಾಡಿದ್ದಲ್ಲದೆ, ಮಕ್ಕಳಿಗೆ ಮೋರಿ ಅಂತಲೇ ಪರಿಚಯ ಮಾಡಿಸಿದ ಊರು ಇದು. ಅದೇ ಊರಿನವರು ಆಮೇಲೆ ನನ್ನನ್ನು ಕೂರಿಸಿಕೊಂಡು, ನಿನಗೆ ನದಿ ಅಂದರೇನು ಗೊತ್ತಿಲ್ಲಮ್ಮ ಎಂದು ಬುದ್ಧಿ ಹೇಳಿದರು! ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಮ್ಮ ಬೀದಿಯಲ್ಲಿ ಇಪ್ಪತ್ತು ಮನೆಗೆ ಒಂದೇ ನಲ್ಲಿ. ನೀರು ಬಿಡುವವನು ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಬಂದು, ರಸ್ತೆ ನಡುವಿನ ಮುಚ್ಚಳ ತೆಗೆದು, ಕೀಲಿ ಇಳಿಸಿ ತಿರುಗಿಸಿ ಹೋಗುತ್ತಿದ್ದ. ಅಮ್ಮ ಅವನನ್ನು ನೀರಗಂಟಿ ಎನ್ನುತ್ತಿದ್ದಳು. ಅವಳ ಊರಲ್ಲಿ ಕೆರೆಯ ನೀರನ್ನು ಗದ್ದೆಗೆ ಬಿಡುವವನಿಗೆ ಆ ಹೆಸರಂತೆ. ಈ ನಮ್ಮ ನೀರಗಂಟಿ ಬೆಳಗ್ಗೆ ಹತ್ತಕ್ಕೆ ಬಂದರೂ ಬಂದ, ಮಧ್ಯಾಹ್ನ ಮೂರಕ್ಕೆ ಬಂದರೂ ಬಂದ. ಕೇಳುವವರು ಯಾರು? ಬಿಟ್ಟರೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಅಷ್ಟರಲ್ಲಿ ಹಿಡಿದುಕೊಂಡವರಿಗೆ ಎರಡು ದಿನದ ನೀರು, ಉಳಿದವರಿಗೆ ಪಕ್ಕದ ಮನೆಯವರ ದಯೆ.

ಇಡೀ ಹೊತ್ತು ಕಾಯುತ್ತಾ ನಿಲ್ಲಲು ಅಮ್ಮನಿಗೆ ಆಗುತ್ತಿರಲಿಲ್ಲ. ಅವಳು ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಕಲಸಿದ ಕಪ್ಪು ಹಿಟ್ಟನ್ನು ಬಿಟ್ಟು ಎದ್ದರೆ ಅದು ಒಣಗಿ ಹಾಳು. ಅವಳೊಬ್ಬಳೇ ಅಲ್ಲ, ಬೀದಿಯ ಅರ್ಧಕ್ಕರ್ಧ ಹೆಂಗಸರದು ಇದೇ ಕತೆ. ಅದಕ್ಕೇ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಬೆಳಗ್ಗೆ ಎದ್ದವರು ಎದ್ದ ಹಾಗೆ ಒಂದೊಂದು ಕಲ್ಲು ತಂದು ನಲ್ಲಿಯಿಂದ ಸಾಲಾಗಿ ಇಟ್ಟು ಹೋಗುವುದು. ಕಲ್ಲು ಇದ್ದ ಕಡೆ ಮನುಷ್ಯರು ಇದ್ದ ಹಾಗೆ. ನೀರು ಬಂದಾಗ ಯಾರಾದರೂ "ಬಂತೂ!" ಎಂದು ಕೂಗಿದರೆ ಸಾಕು, ಎಲ್ಲರೂ ಕೊಡ ಎತ್ತಿಕೊಂಡು ಓಡಿ ಬಂದು ತಮ್ಮ ತಮ್ಮ ಕಲ್ಲಿನ ಹತ್ತಿರ ನಿಲ್ಲುತ್ತಿದ್ದರು. ಅಮ್ಮನದು ಒಡೆದುಹೋದ ಗುಂಡುಕಲ್ಲಿನ ಅರ್ಧ ಭಾಗ. ಇಡೀ ಬೀದಿಗೆ ಅದರ ಗುರುತಿತ್ತು.

ಒಬ್ಬರು ಮಾತ್ರ ಈ ಪದ್ಧತಿಗೆ ಸೊಪ್ಪು ಹಾಕುತ್ತಿರಲಿಲ್ಲ. ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರ ಹೆಂಡತಿ. ಎಲ್ಲರೂ ಅವರನ್ನು ಅಂಗಡಿಯಮ್ಮ ಎನ್ನುತ್ತಿದ್ದರು. ಅವರು ಕಲ್ಲು ಇಟ್ಟವರಲ್ಲ. ನೀರು ಬಂದ ಮೇಲೆ ನಿಧಾನಕ್ಕೆ ಬಂದು, ಮುಂದಿನ ಎರಡು ಮೂರು ಕಲ್ಲನ್ನು ಕಾಲಲ್ಲಿ ಅತ್ತ ತಳ್ಳಿ ತಮ್ಮ ಡ್ರಮ್ಮು ಇಡುತ್ತಿದ್ದರು. ಯಾರಾದರೂ ಏನಾದರೂ ಅಂದರೆ, "ಯಾಕೆ, ಕಲ್ಲಿಗೂ ಬಾಯಾರಿಕೆ ಆಗುತ್ತಾ?" ಎಂದು ನಕ್ಕುಬಿಡುತ್ತಿದ್ದರು. ಅಕ್ಕಿ, ಬೇಳೆ, ಸೋಪು ಎಲ್ಲಕ್ಕೂ ಅವರ ಅಂಗಡಿಗೇ ಹೋಗಬೇಕಿದ್ದ ಜನ ಏನು ತಾನೇ ಮಾತಾಡಿಯಾರು?

ಒಂದು ಭಾನುವಾರ ನಾನೇ ನೋಡಿದೆ. ಅಮ್ಮನ ಕಲ್ಲು ಅವತ್ತು ಮೊದಲನೆಯದು. ಅಂಗಡಿಯಮ್ಮ ಅದನ್ನು ಒದ್ದ ರಭಸಕ್ಕೆ ಅದು ಉರುಳಿ ಚರಂಡಿಗೆ ಬಿತ್ತು. ಅಮ್ಮ ಕೈಯೆಲ್ಲ ಕಪ್ಪು ಮಾಡಿಕೊಂಡು ಓಡಿ ಬಂದವಳು, ಕೊಡ ಹಿಡಿದು ಸುಮ್ಮನೆ ನಿಂತಳು. ಚರಂಡಿಗೆ ಕೈ ಹಾಕಿ ಕಲ್ಲು ತೆಗೆದುಕೊಂಡು ಸಾಲಿನ ಕೊನೆಗೆ ಹೋಗಿ ಇಟ್ಟಳು. ಅವಳ ಸರದಿ ಬರುವ ಹೊತ್ತಿಗೆ ನಲ್ಲಿ ಬರೀ ಗಾಳಿ ಬಿಡುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. "ಯಾಕಮ್ಮ ಸುಮ್ನೆ ಇದ್ದೆ? ಬಾಯಿ ಇಲ್ವಾ ನಿಂಗೆ?" ಎಂದು ಮನೆಗೆ ಬಂದು ಅವಳ ಮೇಲೇ ಎಗರಾಡಿದೆ. "ಬಿಡೇ" ಎಂದಳು, ಹಿಟ್ಟು ನೋಡಿದಳು. ಅದು ಒಣಗಿತ್ತು.

ಅವತ್ತು ಸಂಜೆ ಕೂತು, ಹಳೇ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂದು ನದಿಯನ್ನು ಬರೆದೆ. ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಎಲ್ಲೂ ಇಲ್ಲದ ಒಂದು ಲೋಕದ ಬಗ್ಗೆ ಕಥೆ ಬರೆಯಿರಿ, ಚೆನ್ನಾಗಿದ್ದರೆ ಸ್ಕೂಲಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತೇನೆ ಎಂದಿದ್ದರು. ನನ್ನ ಲೋಕದ ನದಿ ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು. ಅದನ್ನು ಬಿಡುವವಳು ಹೆಗಲ ಮೇಲೆ ಕಬ್ಬಿಣದ ಕೀಲಿ ಹೊತ್ತ ಒಬ್ಬ ಮುದುಕಿ. ಅವಳು ಬೆಟ್ಟದ ಬುಡದಲ್ಲಿ ಕೀಲಿ ತಿರುಗಿಸಿದರೆ ನದಿ ಎದ್ದು ಹೊರಡುತ್ತಿತ್ತು. ದೂರದಲ್ಲಿ ಅದು ಕಂಡ ತಕ್ಷಣ ಜನ "ಬಂತು!" ಎಂದು ಕೂಗುತ್ತಿದ್ದರು. ಅದಕ್ಕೆ ಬೇರೆ ಹೆಸರೇ ಇರಲಿಲ್ಲ, ಎಲ್ಲರೂ ಅದನ್ನು ಬಂತು ನದಿ ಎಂದೇ ಕರೆಯುತ್ತಿದ್ದರು.

ಒಣಗಿದ ಪಾತ್ರದ ಉದ್ದಕ್ಕೂ ಆ ದೇಶದ ಜನ ಒಂದೊಂದು ಕಲ್ಲು ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ನದಿಗೆ ಪ್ರತಿ ಕಲ್ಲಿನ ಗುರುತೂ ಇತ್ತು. ಮೊದಲನೆಯ ಕಲ್ಲಿನ ಹತ್ತಿರ ನಿಂತು, ಆ ಮನೆಯವರು ಬಂದು ಬೇಕಾದಷ್ಟು ತುಂಬಿಕೊಳ್ಳುವವರೆಗೆ ಕಾದು, ಆಮೇಲೆ ಎರಡನೆಯದಕ್ಕೆ ಹೋಗುತ್ತಿತ್ತು. ಒಂದು ಸಲ ಆ ದೇಶದ ರಾಜ ಮುಂದೆ ಬರಬೇಕೆಂದು ತನ್ನ ಆನೆಯ ಕಾಲಿಂದ ಒಬ್ಬ ಹೆಂಗಸಿನ ಕಲ್ಲನ್ನು ತಳ್ಳಿಸಿದ. ನದಿ ಅಲ್ಲೇ ಕೂತುಬಿಟ್ಟಿತು. ಮಂತ್ರಿ ಬಂದು ಕೈಮುಗಿದರೂ ಏಳಲಿಲ್ಲ, ಸೈನ್ಯ ಬಂದು ಹೆದರಿಸಿದರೂ ಏಳಲಿಲ್ಲ. ಕೊನೆಗೆ ರಾಜನೇ ಆನೆಯಿಂದ ಇಳಿದು, ಕಲ್ಲನ್ನು ಎತ್ತಿ ತಂದು ಮೊದಲಿನ ಜಾಗದಲ್ಲಿಟ್ಟು, ತಾನು ಹೋಗಿ ಸಾಲಿನ ಕೊನೆಯಲ್ಲಿ ಕೊಡ ಹಿಡಿದು ನಿಂತ ಮೇಲೆ ನದಿ ಎದ್ದು ಹೊರಟಿತು.

ಅಮ್ಮನಿಗೆ ಓದಿ ಹೇಳಿದೆ. ಹೊಸೆಯುತ್ತಿದ್ದ ಅವಳ ಕೈ ನಿಂತಿತು. ಆನೆಯ ಜಾಗ ಬಂದಾಗ ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಇನ್ನೊಂದ್ಸಲ ಓದೇ, ಕಲ್ಲು ಎತ್ಕೊಂಡು ಬರೋದು" ಎಂದಳು. ಮೂರು ಸಲ ಓದಿಸಿದಳು. ಮುಂದಿನ ನೀರಿನ ದಿನ ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿಬಿಟ್ಟಿದ್ದಳು: ನನ್ನ ಮಗಳು ನಮ್ಮ ಕಲ್ಲಿನ ಕಥೆ ಬರೆದವಳೆ, ಅದು ಬುಕ್ಕಲ್ಲಿ ಬರ್ತದೆ ಅಂತ.

ಹೆಂಗಸರು ನನ್ನನ್ನು ಹಿಡಿದು ನಿಲ್ಲಿಸಿ ಓದಿಸಿದರು. ಎದುರು ಮನೆಯ ಅಕ್ಕನಿಗೆ ಆಗ ಏಳು ತಿಂಗಳು. "ಬಸುರಿ ಹೆಂಗಸು ಕಲ್ಲು ಇಡದೇ ಇದ್ರೂ ನದಿ ಅವಳ ಮನೆ ಬಾಗಿಲಿಗೇ ಹೋಗ್ಬೇಕಪ್ಪ. ಅದನ್ನ ಸೇರಿಸು" ಎಂದು ಪಟ್ಟು ಹಿಡಿದರು. ಸೇರಿಸಿದೆ. ಇನ್ನೊಬ್ಬರು, ಕೀಲಿ ಮುದುಕಿಗೆ ಎಲ್ಲರ ಮನೆಯಲ್ಲೂ ಊಟ ಹಾಕಬೇಕು, ಇಲ್ಲದಿದ್ದರೆ ಅವಳಿಗೆ ಬೇಜಾರಾಗುತ್ತದೆ ಎಂದರು. ಅದನ್ನೂ ಬರೆದೆ. ಹೀಗೆ ಒಂದು ವಾರದಲ್ಲಿ ಆ ನದಿ ನನ್ನದೊಬ್ಬಳದಾಗಿ ಉಳಿಯಲಿಲ್ಲ, ಇಡೀ ಸಾಲಿನದಾಯಿತು. ಅಮ್ಮ ಈಗ ಕಲ್ಲು ಇಡುವಾಗ ಸ್ವಲ್ಪ ಗಟ್ಟಿಯಾಗಿ ಇಡುತ್ತಿದ್ದಳು. ನನಗಂತೂ ಕೊಬ್ಬು ಏರಿತ್ತು. ಅಚ್ಚಾಗಿ ಬರಲಿ, ಅಂಗಡಿಯಮ್ಮನ ಕೈಗೇ ಕೊಟ್ಟು ಓದಿ ಎನ್ನುತ್ತೇನೆ ಎಂದುಕೊಂಡಿದ್ದೆ.

ನಮ್ಮ ಸ್ಕೂಲು ಇದ್ದದ್ದು ರಾಜಾಜಿನಗರದಲ್ಲಿ. ಕಥೆ ಒಪ್ಪಿಸಿದ ಮೇಲೆ ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. ಕೆಟ್ಟವರಲ್ಲ ಅವರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಡೆದವರಲ್ಲ, ಬೈದವರಲ್ಲ. ಬಡ ಮಕ್ಕಳಿಗೆ ಹಳೇ ಪುಸ್ತಕ ತಂದು ಕೊಡುತ್ತಿದ್ದವರು. ಬಸವೇಶ್ವರನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ನಮ್ಮ ಕ್ಲಾಸಿನವರೆಲ್ಲ ಹೋಗಿದ್ದೆವು. ಅಂಗಳದಲ್ಲಿ ನೆಲದಡಿ ನಮ್ಮ ಮನೆಯಷ್ಟೇ ದೊಡ್ಡ ನೀರಿನ ಸಂಪು, ಮೇಲೊಂದು ಟ್ಯಾಂಕು, ಸ್ವಿಚ್ಚು ಒತ್ತಿದರೆ ಮೋಟರು. ಆ ಮನೆಯಲ್ಲಿ ಯಾರೂ ಯಾವತ್ತೂ "ಬಂತು" ಎಂದು ಕೂಗಬೇಕಾದ ಪ್ರಮೇಯವೇ ಇರಲಿಲ್ಲ.

"ಭಾಷೆ ಚೆನ್ನಾಗಿದೆಯಮ್ಮ. ಆದ್ರೆ ನದಿ ದಿನಾ ಹರಿಯುತ್ತೆ. ಅದನ್ನ ಯಾರೂ ಕೀಲಿ ಹಾಕಿ ಬಿಡೋಲ್ಲ" ಎಂದು ನಕ್ಕರು. ನನಗೆ ನಾಚಿಕೆಯಿಂದ ಮುಖ ಕೆಂಪಾಯಿತು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. "ಕಲ್ಪನೆ ಅಂದ್ಮೇಲೆ ಎತ್ತರಕ್ಕೆ ಹಾರ್ಬೇಕು. ನೀನು ಬೀದಿ ನಲ್ಲಿ ಹತ್ರಾನೇ ನಿಂತ್ಕೊಂಡಿದೀಯಲ್ಲ? ಕಲ್ಲಂತೆ, ಕ್ಯೂ ಅಂತೆ, ರಾಜ ಕೊಡ ಹಿಡ್ಕೊಂಡು ನಿಲ್ತಾನಂತೆ! ನಾನು ಸ್ವಲ್ಪ ತಿದ್ದಿ ಕೊಡ್ತೀನಿ ಬಿಡು."

ನಮ್ಮದೇ ಕ್ಲಾಸಿನ ಇನ್ನೊಬ್ಬಳ ಕಥೆಯಲ್ಲಿ ಕುದುರೆ ರೆಕ್ಕೆ ಕಟ್ಟಿಕೊಂಡು ಹಾರುತ್ತಿತ್ತು. ಅದಕ್ಕೆ ಅವರ ತಕರಾರು ಇರಲಿಲ್ಲ. ಕುದುರೆ ಹಾರಬಹುದಂತೆ, ರಾಜ ಸಾಲಲ್ಲಿ ನಿಲ್ಲಬಾರದಂತೆ. ಇದು ಯಾವ ಸೀಮೆಯ ನ್ಯಾಯ ಹೇಳಿ! ಆದರೆ ಈ ಮಾತೆಲ್ಲ ಈಗ ನನ್ನ ಬಾಯಿಗೆ ಬರುತ್ತದೆ. ಆಗ ನನಗೆ ಬಂದದ್ದು ಒಂದೇ: "ಸಾರ್, ಕಲ್ಲು ಮಾತ್ರ ಇರ್ಲಿ ಸಾರ್." "ನೋಡೋಣಮ್ಮ" ಎಂದು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

ಸ್ಕೂಲ್ ಡೇಗೆ ಎರಡು ದಿನ ಮುಂಚೆ ಸಂಚಿಕೆ ಅಚ್ಚಾಗಿ ಬಂತು. ಹೊಸ ಕಾಗದದ ವಾಸನೆ, ಕೆಳಗೆ ನನ್ನ ಹೆಸರು. ಓದಲು ಶುರು ಮಾಡಿದೆ. ಹಿಮದ ಶಿಖರದಲ್ಲಿ ಹುಟ್ಟಿದ, ಹಾಲಿನಂತೆ ಬಿಳುಪಾದ ಅಮೃತವಾಹಿನಿ ಎಂಬ ಪುಣ್ಯನದಿ. ಇಕ್ಕೆಲದಲ್ಲಿ ಗಂಧದ ಮರ, ನಡುವೆ ಹಂಸಗಳು. ನನ್ನ ಕೀಲಿ ಮುದುಕಿ ಇರಲಿಲ್ಲ. ಬಸುರಿ ಇರಲಿಲ್ಲ. ಕಲ್ಲುಗಳು ಒಂದೂ ಇರಲಿಲ್ಲ. ಪ್ರತಿದಿನ ಬೆಳಗ್ಗೆ ಧರ್ಮಾತ್ಮನಾದ ರಾಜ ಆನೆಯ ಮೇಲೆ ಬಂದು ಚಿನ್ನದ ಕೊಡದಲ್ಲಿ ಮೊದಲ ನೀರನ್ನು ತುಂಬಿಕೊಳ್ಳುತ್ತಿದ್ದ. ಆಮೇಲೆ ಪ್ರಜೆಗಳಿಗೆ ಕರುಣೆಯಿಂದ ಅಪ್ಪಣೆ ಕೊಡುತ್ತಿದ್ದ. ಪ್ರಜೆಗಳು ಜಯಘೋಷ ಮಾಡುತ್ತಿದ್ದರು.

ಕರುಣೆಯಿಂದ! ಆ ಪದ ನೋಡಿದರೆ ಇವತ್ತಿಗೂ ನನಗೆ ಪಿತ್ತ ನೆತ್ತಿಗೇರುತ್ತದೆ. ಅಚ್ಚು ಹಾಕದೆ ಬಿಟ್ಟಿದ್ದರೂ ಆಗುತ್ತಿತ್ತು. ಈ ಕಥೆ ಚೆನ್ನಾಗಿಲ್ಲ ಎಂದು ಕಸದ ಬುಟ್ಟಿಗೆ ಹಾಕಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಅಮ್ಮನ ಕಲ್ಲನ್ನು ಒದ್ದು, ಒದ್ದವರನ್ನು ಧರ್ಮಾತ್ಮ ಎಂದು ಹೊಗಳಿ, ಅದರ ಕೆಳಗೆ ಅಮ್ಮನ ಮಗಳ ಹೆಸರು ಹಾಕಿದ್ದರು. ಸಾಲದ್ದಕ್ಕೆ ಮೇಷ್ಟ್ರು ಬೆನ್ನು ತಟ್ಟಿ, "ಸ್ಕೂಲ್ ಡೇ ದಿನ ಸ್ಟೇಜ್ ಮೇಲೆ ನೀನೇ ಓದ್ಬೇಕು, ಅಪ್ಪ ಅಮ್ಮನ್ನ ಕರ್ಕೊಂಡು ಬಾ" ಎಂದರು. ನಾನು ಏನೆಂದೆ? "ಆಯ್ತು ಸಾರ್" ಎಂದೆ.

ಮನೆಯಲ್ಲಿ ಹೇಳಲಿಲ್ಲ. ಸಂಚಿಕೆಯನ್ನು ಬ್ಯಾಗಿನ ತಳಕ್ಕೆ ತುರುಕಿದೆ. ಓದುವ ವಿಷಯ ಮಾತ್ರ ಹೇಗೋ ಬೀದಿಗೆ ಗೊತ್ತಾಗಿಹೋಯಿತು. ಸ್ಕೂಲ್ ಡೇ ನೀರಿನ ದಿನವೇ ಬಿತ್ತು. ಬೆಳಗ್ಗೆಯಿಂದ ನೀರು ಬಂದಿರಲಿಲ್ಲ. ಅಮ್ಮ ಬರಲಾರಳು ಎಂದು ಧೈರ್ಯವಾಗಿದ್ದೆ. ಮಧ್ಯಾಹ್ನ ಮೂರೂವರೆಗೆ ಸ್ಟೇಜಿನ ಪಕ್ಕದಿಂದ ಇಣುಕಿದರೆ, ಹಿಂದುಗಡೆ ಕಾಂಪೌಂಡಿಗೆ ಒರಗಿಕೊಂಡು ಅಮ್ಮ, ಎದುರು ಮನೆಯ ಬಸುರಿ ಅಕ್ಕ, ಇನ್ನೂ ಮೂವರು ನಿಂತಿದ್ದರು. ಎಲ್ಲರೂ ಹಬ್ಬದ ಸೀರೆ ಉಟ್ಟಿದ್ದರು. ಕಲ್ಲು ಇಟ್ಟು ಬಂದಿದ್ದರು. ಕಲ್ಲು ಇದೆಯಲ್ಲ, ಯಾರಾದರೂ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ.

ಮೈಕಿನ ಮುಂದೆ ನಿಂತೆ. ಕೈಯಲ್ಲಿ ಅಚ್ಚಾದ ಸಂಚಿಕೆ. ನನ್ನ ಬಂತು ನದಿ ನನಗೆ ಒಂದಕ್ಷರ ಬಿಡದಂತೆ ಬಾಯಿಪಾಠವಿತ್ತು, ಅಷ್ಟು ಸಲ ಓದಿಸಿದ್ದರು ಬೀದಿಯ ಹೆಂಗಸರು. ಪುಸ್ತಕ ಮುಚ್ಚಿ ಅದನ್ನೇ ಹೇಳಿಬಿಡಬಹುದಿತ್ತು. ಮೇಷ್ಟ್ರು ಸ್ಟೇಜಿನ ಮೂಲೆಯಲ್ಲಿ ನಗುತ್ತಾ ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿ ಹೆಡ್ ಮೇಷ್ಟ್ರು, ಹಾರ ಹಾಕಿಸಿಕೊಂಡ ಅತಿಥಿಗಳು. ನನ್ನ ಬಾಯಿ ತೆರೆಯಿತು, ಹಿಮದ ಶಿಖರ ಹೊರಗೆ ಬಂತು. ಹಂಸ ಬಂತು, ಗಂಧದ ಮರ ಬಂತು, ಚಿನ್ನದ ಕೊಡ ಬಂತು. ಎಷ್ಟು ಸ್ಪಷ್ಟವಾಗಿ ಓದಿದೆ ಎಂದರೆ, ಜಯಘೋಷದ ಜಾಗದಲ್ಲಿ ದನಿಯನ್ನೂ ಏರಿಸಿದೆ. ಚಪ್ಪಾಳೆಯೋ ಚಪ್ಪಾಳೆ.

ಕೆಳಗಿಳಿದು ಹೋದಾಗ ಬಸುರಿ ಅಕ್ಕ ಮೆಲ್ಲಗೆ ಕೇಳಿದರು: "ನಂದು ಎಲ್ಲೋಯ್ತು? ಬಾಗಿಲಿಗೆ ಬರೋದು?" "ಚಿಕ್ಕ ಹುಡುಗಿ ಕಣ್ರೀ, ಹೆದರ್ಕೊಂಡವಳೆ, ಮರೆತಿರ್ತಾಳೆ" ಎಂದಳು ಅಮ್ಮ. ನಾನು ಮರೆತಿಲ್ಲ ಎಂದು ಅವಳಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಯಾರೂ ಕಥೆಯ ಸುದ್ದಿ ಎತ್ತಲಿಲ್ಲ. ಸೀರೆಯ ಸುದ್ದಿ, ಡ್ಯಾನ್ಸ್ ಮಾಡಿದ ಮಕ್ಕಳ ಸುದ್ದಿ ಮಾತಾಡಿಕೊಂಡು ಬಂದರು.

ಬೀದಿಗೆ ಬಂದರೆ ನಲ್ಲಿಯ ಸುತ್ತ ನೆಲ ಒದ್ದೆಯಾಗಿತ್ತು. ನೀರು ಬಂದು ನಿಂತುಹೋಗಿತ್ತು. ಐದು ಕಲ್ಲುಗಳೂ ಗೋಡೆಯ ಬದಿಗೆ ರಾಶಿ ಬಿದ್ದಿದ್ದವು. ಐವರ ಮನೆಯಲ್ಲೂ ಎರಡು ದಿನಕ್ಕೆ ತೊಟ್ಟು ನೀರಿಲ್ಲ. ಯಾತಕ್ಕೋಸ್ಕರ? ಆ ಹಂಸದ ಕಥೆ ಕೇಳುವುದಕ್ಕೋಸ್ಕರ! ನಾನು ಮನೆಯೊಳಗೆ ಹೋಗಿ ಬ್ಯಾಗು ಬಿಸಾಕಿ ಕಿರುಚಾಡಿದೆ. "ನಾನಲ್ಲ ಬರ್ದಿದ್ದು, ಮೇಷ್ಟ್ರು ಬರ್ದಿದ್ದು! ಕಲ್ಲು ಇರ್ಲಿ ಅಂತ ನಾನು ಹೇಳ್ದೆ! ಎಲ್ಲ ಅವರೇ ಹಾಳ್ಮಾಡಿದ್ದು!"

ಅಮ್ಮ ಹಬ್ಬದ ಸೀರೆ ಬಿಚ್ಚಿ ಹಳೇ ಸೀರೆ ಸುತ್ತಿಕೊಳ್ಳುತ್ತಿದ್ದಳು. "ಬರೆದವರು ಅವರು, ಸರಿ. ಓದುವಾಗ ನಿನ್ನ ಬಾಯಿಗೆ ಯಾರು ಕೈ ಅಡ್ಡ ಇಟ್ಟಿದ್ರು?" ಎಂದಳು. ಸಿಟ್ಟಿನಿಂದ ಕೇಳಿದ್ದಲ್ಲ, ಅದೇ ಕಷ್ಟವಾದದ್ದು. ಆಮೇಲೆ, "ರಾತ್ರಿ ಅನ್ನಕ್ಕೆ ನೀರು ಬೇಕು. ಬಾ, ಒಬ್ಬಳಿಗೇ ಹೊರೋಕಾಗಲ್ಲ" ಎಂದು ಕೊಡ ಎತ್ತಿಕೊಂಡಳು.

ನೀರು ಹೆಚ್ಚಿಗೆ ಇದ್ದದ್ದು ಒಂದೇ ಮನೆಯಲ್ಲಿ. ಅಂಗಡಿಯಮ್ಮ ಹಿತ್ತಲ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ಅಮ್ಮ ಕೇಳಿದಳು. ಅವರು ಇಲ್ಲವೆನ್ನಲಿಲ್ಲ. ಡ್ರಮ್ಮಿನ ಮುಚ್ಚಳ ಸರಿಸಿ ಚೊಂಬಿನಲ್ಲಿ ಮೊಗೆದು ಮೊಗೆದು ನಮ್ಮ ಕೊಡಕ್ಕೆ ಹಾಕತೊಡಗಿದರು.

"ಮಗಳು ಸ್ಕೂಲಲ್ಲಿ ಕಥೆ ಓದಿದ್ಲಂತೆ? ಏನು ಕಥೆ?"

ಅಮ್ಮ ನನ್ನ ಮುಖ ನೋಡಿದಳು. ನಾನು ಹೇಳಲಿ ಎಂದು ಸ್ವಲ್ಪ ಹೊತ್ತು ಕಾದಳು. ನಾನು ಕೊಡದ ಕಂಠ ಹಿಡಿದುಕೊಂಡು ನೀರು ತುಂಬುವುದನ್ನೇ ನೋಡುತ್ತಿದ್ದೆ.

"ಒಬ್ಬ ರಾಜ. ಹೊಳೆ ಹತ್ರ ಬಂದು ಎಲ್ರಿಗಿಂತ ಮೊದ್ಲು ಅವನೇ ನೀರು ತುಂಬ್ಕೊಳ್ತಾನೆ. ಆಮೇಲೆ ಮಿಕ್ಕವ್ರಿಗೆ ಕೊಡ್ತಾನೆ" ಎಂದಳು ಅಮ್ಮ.

ಅಂಗಡಿಯಮ್ಮನಿಗೆ ಖುಷಿಯಾಯಿತು. ಇನ್ನೊಂದು ಚೊಂಬು ಹೆಚ್ಚಿಗೇ ಹಾಕಿ, "ಸರಿಯಾಗೇ ಬರೆದವಳೆ ಬಿಡಿ. ಮತ್ತೆ, ರಾಜ ಬಂದು ಕ್ಯೂ ನಿಲ್ತಾನಾ?" ಎಂದು ನನ್ನ ತಲೆ ಸವರಿದರು.